ಸುಟ್ಟ ಟ್ಯಾಂಕುಗಳು, ಬಾರದ ಬಿಡಿಭಾಗಗಳು

ಶಸ್ತ್ರಾಸ್ತ್ರಗಳ ಮಾರುಕಟ್ಟೆಯಲ್ಲಿ ಕೊಳ್ಳುವವರಿಗಿರುವ ದೊಡ್ಡ ತೊಡಕೆಂದರೆ ಸರಕನ್ನು ಅದರ ನಿಜವಾದ ಸಂದರ್ಭದಲ್ಲಿ ಪರೀಕ್ಷಿಸಿ ನೋಡಲಾಗದಿರುವುದು. ಒಂದು ಯುದ್ಧವಿಮಾನವನ್ನು ಮರುಭೂಮಿಯ ಬಿಸಿಲಿನಲ್ಲಿ, ಹಿಮಾಲಯದ ಎತ್ತರದಲ್ಲಿ, ಕಡಲ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಹಾರಿಸಿ ನೋಡಬಹುದು. ಆದರೆ ಎದುರಾಳಿಯು ತನ್ನೆಲ್ಲ ಬುದ್ಧಿಯನ್ನೂ ಬಲವನ್ನೂ ಹಾಕಿ ಅದನ್ನು ಹೊಡೆದುರುಳಿಸಲು ಹವಣಿಸುತ್ತಿರುವಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಯುದ್ಧದಲ್ಲಿ ಮಾತ್ರ, ಅದೂ ಬಹುಪಾಲು ಬೇರೆಯವರ ಯುದ್ಧದಲ್ಲಿ, ಗೊತ್ತಾಗುತ್ತದೆ. ಹಾಗಾಗಿ ಎಲ್ಲಿಯೇ ದೊಡ್ಡ ಯುದ್ಧ ನಡೆದರೂ ಅದಕ್ಕೆ ಸಂಬಂಧವೇ ಇಲ್ಲದ ಹತ್ತಾರು ದೇಶಗಳ ಸೇನಾ ಕಚೇರಿಗಳು ಅದನ್ನು ಗ್ರಾಹಕರ ಕಣ್ಣಿನಿಂದ ನೋಡುತ್ತವೆ, ಶಸ್ತ್ರ ಮಾರುವ ರಾಷ್ಟ್ರಗಳು ಆ ನೋಟಕ್ಕೆ ಅಂಜುತ್ತವೆ. 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿಗಿಳಿದ ರಷ್ಯಾ ಆ ಹೊತ್ತಿಗೆ ದಶಕಗಳಿಂದ ಅಮೆರಿಕದ ನಂತರದ ಅತಿ ದೊಡ್ಡ ಶಸ್ತ್ರ ರಫ್ತುದಾರನೆಂದು ಹೆಸರಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅದರ ಸೇನೆಯ ಹೆಸರು ಕೆಟ್ಟಿತು, ಅದರ ರಫ್ತೂ ಕುಸಿಯಿತು. ಈ ಎರಡನ್ನೂ ನೇರವಾಗಿ ಗಂಟುಹಾಕಿ, ರಣರಂಗದಲ್ಲಿ ಮರ್ಯಾದೆ ಹೋದದ್ದರಿಂದಲೇ ಮಾರುಕಟ್ಟೆಯೂ ಹೋಯಿತು ಎನ್ನುವ ವಿವರಣೆ ಸುಲಭವಾಗಿ ಒಪ್ಪಿತವಾಗುವಂಥದ್ದು. ಆದರೆ ಅಂಕಿಅಂಶಗಳನ್ನೂ ಕೊಳ್ಳುವ ದೇಶಗಳ ನಡೆಯನ್ನೂ ಹತ್ತಿರದಿಂದ ನೋಡಿದರೆ ಅದು ಅರ್ಧ ಮಾತ್ರ ನಿಜ ಎಂದು ಕಾಣುತ್ತದೆ.

ಇಂಥ ಸುಲಭ ವಿವರಣೆಗೆ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. 1912ರಲ್ಲಿ ಬಾಲ್ಕನ್ ರಾಜ್ಯಗಳು ಒಟ್ಟುಗೂಡಿ ಒಟ್ಟೋಮನ್ ತುರ್ಕಿಯ ಮೇಲೆ ದಂಡೆತ್ತಿ ಹೋದಾಗ, ತುರ್ಕರ ಕೈಯಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯ ಫಿರಂಗಿಗಳೂ ಸರ್ಬಿಯಾ, ಬಲ್ಗೇರಿಯಾ ಮತ್ತು ಗ್ರೀಸ್ ಸೇನೆಗಳಲ್ಲಿ ಫ್ರಾನ್ಸಿನ ಶ್ನೈಡರ್ ಕಾರ್ಖಾನೆಯ ಫಿರಂಗಿಗಳೂ ಇದ್ದುದರಿಂದ, ಯುರೋಪಿನ ಪತ್ರಿಕೆಗಳು ಆ ಯುದ್ಧವನ್ನು ಎರಡು ಕಾರ್ಖಾನೆಗಳ ನಡುವಿನ ಪೈಪೋಟಿಯೆಂಬಂತೆ ವರ್ಣಿಸಿದವು. ತುರ್ಕಿ ಸೋತಾಗ ಕ್ರುಪ್ ಸೋತಿತೆಂದು ಪ್ಯಾರಿಸ್ಸಿನಲ್ಲಿ ಹಿಗ್ಗಿದರು. ವಾಸ್ತವವಾಗಿ ಆ ಸೋಲಿಗೆ ಅರೆಬರೆಯಾಗಿ ನಡೆದ ಸೈನ್ಯದ ಜಮಾವಣೆ, ಅನುಭವಿ ಸೈನಿಕರನ್ನು ಅದಕ್ಕೆ ಸ್ವಲ್ಪವೇ ಮುಂಚೆ ಮನೆಗೆ ಕಳಿಸಿದ್ದು, ಆಹಾರ ಮತ್ತು ಮದ್ದುಗುಂಡಿನ ಸಾಗಣೆ ಕೆಟ್ಟದ್ದು, ಕಾಲರಾ, ಇವೆಲ್ಲ ಫಿರಂಗಿಯ ಕೊಳವೆಗಿಂತ ಹೆಚ್ಚು ಕಾರಣವಾಗಿದ್ದವು. ಇನ್ನೂ ವಿಚಿತ್ರವೆಂದರೆ, ಸೋತ ತುರ್ಕಿ ಮರುವರ್ಷವೇ ತನ್ನ ಸೇನೆಯನ್ನು ತಿದ್ದಲು ಜರ್ಮನಿಯಿಂದಲೇ ಲಿಮಾನ್ ಫಾನ್ ಸಾಂಡರ್ಸ್ ಎಂಬ ಸೇನಾಧಿಕಾರಿಯ ತಂಡವನ್ನು ಬರಮಾಡಿಕೊಂಡಿತು. ಸೋಲು ಸರಬರಾಜುದಾರನ ಹೆಸರಿಗೆ ಮಸಿ ಬಳಿದಿತ್ತು, ಆದರೆ ಸಂಬಂಧವನ್ನು ಕಡಿದಿರಲಿಲ್ಲ.

ಮುಂದಿನ ಯುದ್ಧಗಳಲ್ಲಿಯೂ ಶಸ್ತ್ರದ ಗುಣಕ್ಕೂ ಅದಕ್ಕೆ ಬಂದ ಹೆಸರಿಗೂ ಹೀಗೆಯೇ ತಾಳೆ ಇರಲಿಲ್ಲ. 1982ರ ಜೂನ್‌ನಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲ್ ವಾಯುಪಡೆಯು ಸಿರಿಯಾದ ಸೋವಿಯತ್ ನಿರ್ಮಿತ ಕ್ಷಿಪಣಿ ನೆಲೆಗಳನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ನಾಶಮಾಡಿ, ಕೆಲವೇ ದಿನಗಳಲ್ಲಿ ಸಿರಿಯಾದ 80ಕ್ಕೂ ಹೆಚ್ಚು ವಿಮಾನಗಳನ್ನು ಉರುಳಿಸಿದಾಗ, ಮಾಸ್ಕೋ ತಪ್ಪನ್ನು ಸಿರಿಯಾದ ಸೈನಿಕರ ತರಬೇತಿಯ ಮೇಲೆ ಹೊರಿಸಿತಲ್ಲದೆ, ಮರುವರ್ಷ ಇನ್ನೂ ದೂರಗಾಮಿಯಾದ ಎಸ್-200 ಕ್ಷಿಪಣಿಗಳನ್ನು ತನ್ನದೇ ಸಿಬ್ಬಂದಿಯೊಡನೆ ಅಲ್ಲಿಗೆ ಕಳಿಸಿತು. ಸಿರಿಯಾ ಬೇರೆ ಅಂಗಡಿಗೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ 1991ರ ಕೊಲ್ಲಿ ಯುದ್ಧದಲ್ಲಿ ಬಳಕೆಯಾದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯದು. ಆ ವರ್ಷದ ಫೆಬ್ರುವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಮೆಸಾಚುಸೆಟ್ಸ್‌ನ ಕಾರ್ಖಾನೆಯಲ್ಲಿ ನಿಂತು, ಪೇಟ್ರಿಯಟ್ ಎದುರಿಸಿದ ಇರಾಕಿನ 42 ಸ್ಕಡ್ ಕ್ಷಿಪಣಿಗಳಲ್ಲಿ 41ನ್ನು ತಡೆದಿದೆ ಎಂದು ಸಾರಿದರು. ಮರುವರ್ಷ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯು ಸ್ಕಡ್ ಸಿಡಿತಲೆ ನಾಶವಾದುದಕ್ಕೆ ಬಲವಾದ ಸಾಕ್ಷ್ಯವಿರುವುದು ಸುಮಾರು ನೂರಕ್ಕೆ 9 ಪ್ರಕರಣಗಳಲ್ಲಿ ಮಾತ್ರ ಎಂದು ಕಂಡುಕೊಂಡಿತು. ಅಷ್ಟರಲ್ಲಿ ಟಿವಿ ಪರದೆಯ ಮೇಲೆ ಪೇಟ್ರಿಯಟ್ ಗಳಿಸಿದ್ದ ಹೆಸರು ಗಳಿಸಿದ್ದೇ ಆಗಿತ್ತು, ಮಾರಾಟವೂ ನಿಲ್ಲಲಿಲ್ಲ. ನಂತರದ ದಶಕಗಳಲ್ಲಿ ಅದನ್ನು ತಿದ್ದಿ ತೀಡಿ ನಿಜವಾಗಿಯೂ ಸಮರ್ಥವಾದ ಆಯುಧವನ್ನಾಗಿ ಮಾಡಲಾಯಿತು ಎಂಬುದು ಬೇರೆ ಮಾತು. ಹೆಸರು ಮೊದಲು ಬಂತು, ಯೋಗ್ಯತೆ ಆಮೇಲೆ.

ಉಕ್ರೇನಿಗೆ ಹೊರಟ ರಷ್ಯಾದ ಸೇನೆಯ ಕೀರ್ತಿ ಸಾಕಷ್ಟು ಎತ್ತರದಲ್ಲಿತ್ತು. 2008ರಲ್ಲಿ ಜಾರ್ಜಿಯಾದೊಡನೆ ನಡೆದ ಐದು ದಿನಗಳ ಯುದ್ಧದಲ್ಲಿ ಗೆದ್ದರೂ ಸೇನೆಯ ಸಂಪರ್ಕ ಸಾಧನ, ವಾಯು ಬೆಂಬಲ, ಸಮನ್ವಯ ಎಲ್ಲವೂ ಹಳತಾಗಿವೆಯೆಂದು ಕಂಡುಕೊಂಡ ಮಾಸ್ಕೋ, ದೊಡ್ಡ ಸುಧಾರಣೆಯನ್ನು ಕೈಗೊಂಡಿತು. 2014ರಲ್ಲಿ ಕ್ರಿಮಿಯಾವನ್ನು ಹೆಚ್ಚು ಗುಂಡು ಹಾರಿಸದೆ ವಶಪಡಿಸಿಕೊಂಡದ್ದು, 2015ರ ಅಕ್ಟೋಬರ್‌ನಲ್ಲಿ ಕ್ಯಾಸ್ಪಿಯನ್ ಸಮುದ್ರದ ಸಣ್ಣ ಹಡಗುಗಳಿಂದ ಸುಮಾರು 1,500 ಕಿ.ಮೀ. ದೂರದ ಸಿರಿಯಾದ ಗುರಿಗಳತ್ತ ಕ್ಯಾಲಿಬರ್ ಕ್ಷಿಪಣಿಗಳನ್ನು ಹಾರಿಸಿದ್ದು ಆ ಸುಧಾರಣೆಯ ಫಲವೆಂದು ಜಗತ್ತು ನಂಬಿತು. ಸಿರಿಯಾದಲ್ಲಿ 200ಕ್ಕೂ ಹೆಚ್ಚು ಬಗೆಯ ಹೊಸ ಆಯುಧಗಳನ್ನು ಪರೀಕ್ಷಿಸಿದ್ದೇವೆ ಎಂದು ರಷ್ಯಾದ ಅಧಿಕಾರಿಗಳು 2018ರಲ್ಲಿ ಹೆಮ್ಮೆಯಿಂದಲೇ ಹೇಳಿಕೊಂಡರು. ಮತ್ತೊಂದು ದೇಶದ ಮೇಲೆ ಬಾಂಬು ಸುರಿದದ್ದನ್ನು ಹೀಗೆ ಜಾಹೀರಾತಾಗಿ ಬಳಸಿದ್ದರ ಬಗ್ಗೆ ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ದೇಶದ ಶಸ್ತ್ರ ರಫ್ತಿಗೆಲ್ಲ ಸರ್ಕಾರಿ ಮಧ್ಯವರ್ತಿಯಾದ ರೊಸೊಬೊರೊನ್‌ಎಕ್ಸ್‌ಪೋರ್ಟ್ ಸಂಸ್ಥೆಯ ಮಳಿಗೆಗಳು ಎಲ್ಲ ಪ್ರದರ್ಶನಗಳಲ್ಲೂ ಯುದ್ಧದಲ್ಲಿ ಸಾಬೀತಾದ ಸರಕು ಎಂಬ ಮಾತನ್ನೇ ಮುಂದಿಟ್ಟವು.

ಆ ಕೀರ್ತಿ ಕೆಲವೇ ವಾರಗಳಲ್ಲಿ ಇಳಿದುಹೋಯಿತು. ಕೀವ್ ನಗರದ ಉತ್ತರಕ್ಕೆ 60 ಕಿ.ಮೀ.ಗೂ ಉದ್ದವಾದ ವಾಹನಸಾಲು ಇಂಧನವಿಲ್ಲದೆ, ದಾರಿಯಿಲ್ಲದೆ ನಿಂತುಹೋಯಿತು. ಹೊಸ್ಟೊಮೆಲ್ ವಿಮಾನ ನಿಲ್ದಾಣವನ್ನು ಹೆಲಿಕಾಪ್ಟರುಗಳಿಂದ ಇಳಿದು ಹಿಡಿಯುವ ಯೋಜನೆ ರಾಜಧಾನಿಯ ಬಾಗಿಲನ್ನು ತೆರೆಯಲಿಲ್ಲ. ಏಪ್ರಿಲ್ 14ರಂದು ಕಪ್ಪು ಸಮುದ್ರ ನೌಕಾಪಡೆಯ ಮುಖ್ಯ ಹಡಗಾದ ‘ಮಾಸ್ಕ್ವಾ’ ಮುಳುಗಿತು. ತನ್ನ ನೆಪ್ಚೂನ್ ಕ್ಷಿಪಣಿಗಳೇ ಅದನ್ನು ಹೊಡೆದವೆಂದು ಉಕ್ರೇನ್ ಹೇಳಿದರೆ, ಹಡಗಿನೊಳಗೆ ಬೆಂಕಿ ಬಿದ್ದು ಮದ್ದುಗುಂಡು ಸಿಡಿಯಿತೆಂದು ರಷ್ಯಾ ಹೇಳಿತು. ರಫ್ತಿನ ದೃಷ್ಟಿಯಿಂದ ನೋಡಿದರೆ ಎರಡನೆಯ ವಿವರಣೆ ಮೊದಲನೆಯದಕ್ಕಿಂತ ಹೆಚ್ಚು ಗೌರವದ್ದೇನೂ ಅಲ್ಲ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಟ್ಯಾಂಕುಗಳ ದೃಶ್ಯ. ಟಿ-72 ಮತ್ತು ಅದರಿಂದ ಬೆಳೆದ ಟಿ-90 ಟ್ಯಾಂಕುಗಳಲ್ಲಿ ಗುಂಡು ತುಂಬುವ ನಾಲ್ಕನೆಯ ಸೈನಿಕನ ಬದಲು ಯಂತ್ರವಿರುತ್ತದೆ. ಫಿರಂಗಿಯನ್ನು ಹೊತ್ತ ಗೋಪುರದ ಅಡಿಯಲ್ಲಿ ವರ್ತುಲಾಕಾರವಾಗಿ ಜೋಡಿಸಿದ 22 ಗುಂಡುಗಳನ್ನು ಅದು ಒಂದೊಂದಾಗಿ ಎತ್ತಿಕೊಡುತ್ತದೆ. ಇದರಿಂದ ಟ್ಯಾಂಕು ತಗ್ಗಾಗಿ, ಹಗುರವಾಗಿ, ಅಗ್ಗವಾಗಿ ಇರುತ್ತದೆ. ಆದರೆ ಕ್ಷಿಪಣಿಯೊಂದು ಒಳಹೊಕ್ಕು ಆ ಗುಂಡುಗಳು ಹೊತ್ತಿಕೊಂಡರೆ ಮೂವರು ಸೈನಿಕರೂ ಸತ್ತು ಇಡೀ ಗೋಪುರವೇ ಆಕಾಶಕ್ಕೆ ಹಾರುತ್ತದೆ. ಈ ದೋಷ 1991ರಲ್ಲಿ ಇರಾಕಿನಲ್ಲಿಯೇ ತಿಳಿದಿತ್ತಾದರೂ ಆಗ ಅದನ್ನು ಕಂಡವರು ಸೇನಾ ತಜ್ಞರು ಮಾತ್ರ; 2022ರಲ್ಲಿ ಜಗತ್ತಿನ ಪ್ರತಿಯೊಂದು ಮೊಬೈಲಿನಲ್ಲಿಯೂ ಅದು ಕಂಡಿತು.

ಇಷ್ಟಾದರೂ ಒಂದು ಸೇನೆಯ ಹೆಸರು ಕೆಡುವುದೂ ಒಂದು ಆಯುಧದ ಹೆಸರು ಕೆಡುವುದೂ ಬೇರೆ ಬೇರೆ ಎಂಬುದನ್ನು ಗ್ರಾಹಕ ದೇಶಗಳು ಮರೆಯಲಿಲ್ಲ. ವಾಹನಸಾಲು ನಿಂತದ್ದಕ್ಕೆ ಯೋಜನೆಯ ಅಹಂಕಾರ ಕಾರಣವೇ ಹೊರತು ಲಾರಿಗಳ ಎಂಜಿನ್ನಲ್ಲ. ಕೀವ್ ಉಳಿದದ್ದು ಉಕ್ರೇನಿನ ಸೈನಿಕರಿಂದ, ಅವರಲ್ಲಿ ಹಲವರು ಹೋರಾಡಿದ್ದೂ ಅದೇ ಸೋವಿಯತ್ ಮೂಲದ ಟ್ಯಾಂಕು, ಫಿರಂಗಿ, ಎಸ್-300 ಕ್ಷಿಪಣಿಗಳಿಂದಲೇ. ಮುಂದೆ 2023ರ ಜೂನ್‌ನಲ್ಲಿ ಜರ್ಮನಿಯ ಲೆಪರ್ಡ್ ಟ್ಯಾಂಕುಗಳು ಝಾಪೊರೀಷಿಯಾದ ನೆಲಬಾಂಬುಗಳ ನಡುವೆ ಸಿಕ್ಕಿ ಸುಟ್ಟವು. ಅಮೆರಿಕ ಕೊಟ್ಟ 31 ಏಬ್ರಮ್ಸ್ ಟ್ಯಾಂಕುಗಳನ್ನು 2024ರ ವಸಂತದ ಹೊತ್ತಿಗೆ ಡ್ರೋನ್‌ಗಳ ಭಯದಿಂದ ಮುಂಚೂಣಿಯಿಂದ ಹಿಂದಕ್ಕೆಳೆಯಬೇಕಾಯಿತು. ಉಪಗ್ರಹ ಸಂಕೇತವನ್ನು ನಂಬಿ ಸಾಗುವ ಎಕ್ಸ್‌ಕ್ಯಾಲಿಬರ್ ಫಿರಂಗಿ ಗುಂಡುಗಳು ರಷ್ಯಾದ ಸಂಕೇತ ತಡೆಯಂತ್ರಗಳ ಎದುರು ದಿಕ್ಕು ತಪ್ಪಿದವು. ಇನ್ನೊಂದೆಡೆ ರಷ್ಯಾದ್ದೇ ಆದ ಲ್ಯಾನ್ಸೆಟ್ ಡ್ರೋನ್, ಹಳೆಯ ಬಾಂಬಿಗೆ ರೆಕ್ಕೆ ಕಟ್ಟಿ ದೂರದಿಂದ ಜಾರಿಬಿಡುವ ತಂತ್ರ, ವಿದ್ಯುನ್ಮಾನ ಸಮರದ ಸಾಧನಗಳು ಎದುರಾಳಿಯಿಂದಲೂ ಮನ್ನಣೆ ಪಡೆದವು. ಆಯುಧದ ಗುಣವನ್ನು ಮಾತ್ರ ತೂಗುವ ಗ್ರಾಹಕನಿಗೆ ಈ ಯುದ್ಧ ರಷ್ಯಾದ ಸರಕನ್ನು ಬಿಡು ಎಂದು ಹೇಳಲಿಲ್ಲ. ಟ್ಯಾಂಕುಗಳ ಕಾಲವೇ ಮುಗಿಯಿತೇನೋ ಎಂಬ, ಎಲ್ಲ ಮಾರಾಟಗಾರರಿಗೂ ಸಮಾನವಾದ ಕಳವಳವನ್ನು ಹುಟ್ಟಿಸಿತು.

ಈಗ ಅಂಕಿಗಳನ್ನು ನೋಡಬೇಕು. ಶಸ್ತ್ರ ವ್ಯಾಪಾರದ ಹಣದ ಲೆಕ್ಕ ಬಹುಪಾಲು ಗುಟ್ಟಾಗಿರುವುದರಿಂದ, ಸ್ವೀಡನ್ನಿನ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಶಾಂತಿ ಸಂಶೋಧನಾ ಸಂಸ್ಥೆ, ಅಂದರೆ ಸಿಪ್ರಿ, ಡಾಲರಿನ ಬದಲು ಕೈಸೇರಿದ ಆಯುಧಗಳ ಸಾಮರ್ಥ್ಯಕ್ಕೆ ತಕ್ಕಂತೆ ಒಂದು ಅಳತೆಯನ್ನು ಕೊಟ್ಟು, ಒಂದೆರಡು ವರ್ಷದ ಏರಿಳಿತಕ್ಕೆ ಮೋಸಹೋಗದಂತೆ ಐದೈದು ವರ್ಷಗಳ ಗುಂಪುಗಳನ್ನು ಹೋಲಿಸುತ್ತದೆ. ಆ ಲೆಕ್ಕದಂತೆ 2015–19ಕ್ಕೆ ಹೋಲಿಸಿದರೆ 2020–24ರಲ್ಲಿ ರಷ್ಯಾದ ರಫ್ತು ಶೇ 64ರಷ್ಟು ಕುಸಿದು, ಜಾಗತಿಕ ರಫ್ತಿನಲ್ಲಿ ಅದರ ಪಾಲು ಶೇ 7.8ಕ್ಕೆ ಇಳಿಯಿತು, ಶೇ 43ರ ಅಮೆರಿಕ, ಶೇ 9.6ರ ಫ್ರಾನ್ಸ್ ನಂತರ ಅದು ಮೂರನೆಯ ಸ್ಥಾನಕ್ಕೆ ಬಂತು. 2019ರಲ್ಲಿ 31 ದೇಶಗಳಿಗೆ ದೊಡ್ಡ ಆಯುಧಗಳನ್ನು ಕಳಿಸಿದ್ದ ರಷ್ಯಾ 2023ರಲ್ಲಿ ಕಳಿಸಿದ್ದು 12 ದೇಶಗಳಿಗೆ ಮಾತ್ರ. ಆದರೆ ಇದೇ ಅಂಕಿಗಳಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿಯೆಂದರೆ, ಇಳಿಕೆ ಆರಂಭವಾದದ್ದು ಯುದ್ಧಕ್ಕೂ ಮುಂಚೆಯೇ; 2020 ಮತ್ತು 2021ರ ರಫ್ತು ಅದರ ಹಿಂದಿನ ವರ್ಷಗಳಿಗಿಂತ ಬಹಳ ಕಡಿಮೆಯಾಗಿತ್ತು.

ಆ ಮೊದಲ ಇಳಿಕೆಗೆ ಯಾವ ಟ್ಯಾಂಕೂ ಸುಡಬೇಕಾಗಿರಲಿಲ್ಲ. ಚೀನಾ ತನ್ನ ಯುದ್ಧವಿಮಾನಗಳಿಗೆ ತಾನೇ ಎಂಜಿನ್ ಮಾಡಿಕೊಳ್ಳಲು ಕಲಿತು ಅತಿ ದೊಡ್ಡ ಗ್ರಾಹಕರ ಪಟ್ಟಿಯಿಂದ ಮೆಲ್ಲನೆ ಹಿಂದೆ ಸರಿಯಿತು. ಭಾರತ ಫ್ರಾನ್ಸಿನ ರಫೇಲ್, ಅಮೆರಿಕದ ಅಪಾಚೆ, ಚಿನೂಕ್ ಹೆಲಿಕಾಪ್ಟರು, ಪಿ-8ಐ ವಿಮಾನಗಳತ್ತ ಹೊರಳಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ, 2017ರಲ್ಲಿ ಅಮೆರಿಕ ತಂದ ‘ಕ್ಯಾಟ್ಸಾ’ ಎಂಬ ಕಾಯಿದೆಯು ರಷ್ಯಾದಿಂದ ದೊಡ್ಡ ಶಸ್ತ್ರ ಖರೀದಿ ಮಾಡುವ ಮೂರನೆಯ ದೇಶದ ಮೇಲೂ ಆರ್ಥಿಕ ನಿರ್ಬಂಧ ಹೇರಲು ದಾರಿ ಮಾಡಿತ್ತು. ನ್ಯಾಟೊ ಸದಸ್ಯನಾದ ತುರ್ಕಿಯು ಎಸ್-400 ವಾಯುರಕ್ಷಣಾ ವ್ಯವಸ್ಥೆಯನ್ನು ತರಿಸಿಕೊಂಡದ್ದಕ್ಕಾಗಿ 2019ರಲ್ಲಿ ಎಫ್-35 ವಿಮಾನ ಯೋಜನೆಯಿಂದಲೇ ಹೊರಬೀಳಬೇಕಾಯಿತು. ಇಂಡೊನೇಷ್ಯಾ 2018ರಲ್ಲಿ 11 ಸುಖೋಯ್-35 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡು, 2021ರ ಕೊನೆಗೆ ಅದನ್ನು ಕೈಬಿಟ್ಟು, 2022ರ ಫೆಬ್ರುವರಿಯಲ್ಲಿ, ಯುದ್ಧ ಆರಂಭವಾಗುವ ಎರಡು ವಾರ ಮುಂಚೆ, ರಫೇಲ್ ಕೊಳ್ಳಲು ಸಹಿ ಹಾಕಿತು. ಯುದ್ಧ ಬಂದದ್ದು ಆಗಲೇ ಇಳಿಜಾರಿನಲ್ಲಿದ್ದ ವ್ಯಾಪಾರದ ಮೇಲೆ.

ಹಾಗಾದರೆ ಯುದ್ಧ ಮಾಡಿದ್ದೇನು? ಅದು ರಷ್ಯಾದ ಕಾರ್ಖಾನೆಗಳನ್ನು ಗ್ರಾಹಕರಿಂದ ಕಿತ್ತುಕೊಂಡಿತು. ಫೋಟೊ ಮತ್ತು ವಿಡಿಯೊ ಸಾಕ್ಷ್ಯ ಇರುವವುಗಳನ್ನಷ್ಟೇ ಎಣಿಸಿದರೂ ಮೂರು ಸಾವಿರಕ್ಕೂ ಹೆಚ್ಚು ಟ್ಯಾಂಕುಗಳನ್ನು ಕಳೆದುಕೊಂಡ ದೇಶವು ಹೊಸದಾಗಿ ತಯಾರಾದ ಪ್ರತಿಯೊಂದನ್ನೂ ತನ್ನ ಸೇನೆಗೇ ಕೊಡಬೇಕಾಯಿತು. ಮದ್ದುಗುಂಡಿಗಾಗಿ ಉತ್ತರ ಕೊರಿಯಾದ ಮುಂದೆ, ಶಾಹೆದ್ ಡ್ರೋನ್‌ಗಾಗಿ ಇರಾನಿನ ಮುಂದೆ ಕೈಚಾಚಿ, ಮಾರುವವನೇ ಕೊಳ್ಳುವವನಾದ. ಆ ಡ್ರೋನ್‌ಗಳನ್ನು ಈಗ ಟಾಟರ್‌ಸ್ತಾನದ ಅಲಾಬುಗದಲ್ಲಿ ರಷ್ಯಾವೇ ಬೇರೆ ಹೆಸರಿನಲ್ಲಿ ತಯಾರಿಸುತ್ತಿದ್ದರೂ, ವಿಮಾನ ವಿದ್ಯೆಯಲ್ಲಿ ಇರಾನಿಗೆ ಗುರುವಾಗಿದ್ದ ದೇಶ ಅದರ ಶಿಷ್ಯನಾದದ್ದು ಸಣ್ಣ ಸಂಗತಿಯಲ್ಲ. ಎರಡನೆಯ ಏಟು ಬಿದ್ದದ್ದು ಬಿಡಿಭಾಗಗಳ ಮೇಲೆ. ಬ್ರಿಟನ್ನಿನ ರಾಯಲ್ ಯುನೈಟೆಡ್ ಸರ್ವಿಸಸ್ ಇನ್‌ಸ್ಟಿಟ್ಯೂಟ್ 2022ರಲ್ಲಿ ರಣರಂಗದಿಂದ ತಂದ 27 ಬಗೆಯ ರಷ್ಯಾದ ಆಯುಧಗಳನ್ನು ಬಿಚ್ಚಿ ನೋಡಿದಾಗ ಅವುಗಳಲ್ಲಿ ಕನಿಷ್ಠ 450 ಬಗೆಯ ವಿದೇಶಿ ಘಟಕಗಳು, ಬಹುಪಾಲು ಅಮೆರಿಕದ ಕಂಪನಿಗಳ ಚಿಪ್‌ಗಳು, ಸಿಕ್ಕಿದವು. ನಿರ್ಬಂಧಗಳು ಬಂದ ಮೇಲೆ ಅವು ಕಳ್ಳದಾರಿಯಲ್ಲಿ ಬರುತ್ತಿವೆ, ಬರುವುದು ನಿಂತಿಲ್ಲ. ಆದರೆ ತನ್ನ ಸೇನೆಗೇ ಸಾಲದ ಚಿಪ್ಪನ್ನು ಯಾವ ದೇಶವೂ ವಿದೇಶಿ ಗ್ರಾಹಕನ ಸರಕಿಗೆ ಹಾಕುವುದಿಲ್ಲ.

ಇದರ ಪರಿಣಾಮ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಭಾರತದಲ್ಲಿ, ಏಕೆಂದರೆ 2020–24ರ ಅವಧಿಯಲ್ಲಿಯೂ ರಷ್ಯಾದ ರಫ್ತಿನಲ್ಲಿ ಶೇ 38 ಭಾರತಕ್ಕೇ ಬಂದಿದೆ. ಆದರೆ ಭಾರತದ ಕಡೆಯಿಂದ ನೋಡಿದರೆ, 2010–14ರಲ್ಲಿ ಅದರ ಶಸ್ತ್ರ ಆಮದಿನಲ್ಲಿ ಶೇ 72ರಷ್ಟಿದ್ದ ರಷ್ಯಾದ ಪಾಲು 2015–19ರಲ್ಲಿ ಶೇ 55ಕ್ಕೂ 2020–24ರಲ್ಲಿ ಶೇ 36ಕ್ಕೂ ಇಳಿದಿದೆ. 2018ರ ಅಕ್ಟೋಬರ್‌ನಲ್ಲಿ 543 ಕೋಟಿ ಡಾಲರಿಗೆ ಒಪ್ಪಂದವಾದ ಐದು ಎಸ್-400 ತುಕಡಿಗಳಲ್ಲಿ ಮೂರು ಬಂದು, ಉಳಿದ ಎರಡು ವರ್ಷಗಟ್ಟಲೆ ತಡವಾದವು. 2023ರಲ್ಲಿ ರಷ್ಯಾದಿಂದ ಬರಬೇಕಿದ್ದ ದೊಡ್ಡ ಸರಬರಾಜೊಂದು ಬರುವುದಿಲ್ಲವೆಂದು ವಾಯುಪಡೆಯು ಸಂಸದೀಯ ಸ್ಥಾಯಿ ಸಮಿತಿಗೆ ತಿಳಿಸಿದ ವಿಷಯ ಅದೇ ವರ್ಷದ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಹಣ ಕಳಿಸುವುದೂ ಕಷ್ಟವಾಯಿತು. ಅಂತರರಾಷ್ಟ್ರೀಯ ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್‌ನಿಂದ ರಷ್ಯಾದ ಮುಖ್ಯ ಬ್ಯಾಂಕುಗಳನ್ನು ಹೊರಹಾಕಿದ ಮೇಲೆ ಡಾಲರಿನಲ್ಲಿ ಕೊಡುವಂತಿಲ್ಲ, ಕೈಯಲ್ಲಿ ರಾಶಿಬಿದ್ದ ರೂಪಾಯಿಯನ್ನು ಏನು ಮಾಡುವುದೆಂದು ರಷ್ಯಾಕ್ಕೆ ತಿಳಿಯದು. ಹೀಗೆ 200 ಕೋಟಿ ಡಾಲರಿಗೂ ಮಿಕ್ಕಿದ ಪಾವತಿ ಒಂದು ಹಂತದಲ್ಲಿ ಸಿಕ್ಕಿಹಾಕಿಕೊಂಡಿತ್ತೆಂದು ವರದಿಯಾಗಿತ್ತು.

ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ಭಾರತದ ನೌಕಾಪಡೆಗೆ ಸೇರ್ಪಡೆಯಾದ ಐಎನ್‌ಎಸ್ ತುಶೀಲ್ ಮತ್ತು ಐಎನ್‌ಎಸ್ ತಮಾಲ್ ಯುದ್ಧನೌಕೆಗಳ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಈ ಬಗೆಯ ಹಡಗುಗಳ ಅನಿಲ ಟರ್ಬೈನ್ ತಯಾರಾಗುವುದು ಉಕ್ರೇನಿನ ಮಿಕೊಲಾಯಿವ್ ನಗರದ ಝೋರ್ಯ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯಲ್ಲಿ. 2014ರಲ್ಲಿ ಕ್ರಿಮಿಯಾವನ್ನು ಕಳೆದುಕೊಂಡ ಉಕ್ರೇನ್ ರಷ್ಯಾಕ್ಕೆ ಟರ್ಬೈನ್ ಕೊಡುವುದನ್ನು ನಿಲ್ಲಿಸಿದ್ದರಿಂದ, ರಷ್ಯಾ ತನ್ನದೇ ನೌಕಾಪಡೆಗೆಂದು ಕಟ್ಟಲು ಹಿಡಿದಿದ್ದ ಈ ಒಡಲುಗಳು ಎಂಜಿನ್ನಿಲ್ಲದೆ ಹಡಗುಕಟ್ಟೆಯಲ್ಲಿ ಉಳಿದಿದ್ದವು. ಭಾರತ ಅವನ್ನು ಕೊಳ್ಳಲು ಒಪ್ಪಿ, ಟರ್ಬೈನುಗಳನ್ನು ತಾನೇ ಉಕ್ರೇನಿನಿಂದ ಖರೀದಿಸಿ ರಷ್ಯಾಕ್ಕೆ ತಲುಪಿಸಿತು. ಪರಸ್ಪರ ಯುದ್ಧದಲ್ಲಿರುವ ಎರಡು ದೇಶಗಳ ಕೈಕೆಲಸ ಒಂದೇ ಹಡಗಿನೊಳಗೆ ಭಾರತದ ಧ್ವಜದಡಿ ತೇಲುತ್ತಿದೆ. 2024ರ ಡಿಸೆಂಬರ್‌ನಲ್ಲಿ ತುಶೀಲ್ ಸೇರ್ಪಡೆಯಾಗುವ ವೇಳೆಗೆ ಆ ಟರ್ಬೈನ್ ಕಾರ್ಖಾನೆ ರಷ್ಯಾದ ಕ್ಷಿಪಣಿ ದಾಳಿಗೆ ಒಳಗಾಗಿತ್ತು. ಮುಂದೆ ಈ ಟರ್ಬೈನುಗಳಿಗೆ ಬೇಕಾಗುವ ದುರಸ್ತಿಯ ಪ್ರಶ್ನೆಗೂ ರಣರಂಗದ ಕೀರ್ತಿಗೂ ಯಾವ ಸಂಬಂಧವೂ ಇಲ್ಲ, ಆದರೆ ನೌಕಾಪಡೆಯ ಅಧಿಕಾರಿಗೆ ನಿತ್ಯದ ಚಿಂತೆ ಅದೇ. ಹಾಗೆ ನೋಡಿದರೆ ರಷ್ಯಾದ ಮಾತಿನ ಮೇಲಿನ ಭಾರತದ ಅನುಮಾನ ಉಕ್ರೇನ್ ಯುದ್ಧದಿಂದ ಹುಟ್ಟಿದ್ದಲ್ಲ. ಕಾರವಾರದ ನೌಕಾನೆಲೆಯನ್ನು ಮನೆಯಾಗಿಸಿಕೊಂಡಿರುವ, ರಷ್ಯಾದಿಂದ ಕೊಂಡ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯವು 97.4 ಕೋಟಿ ಡಾಲರಿನ ಒಪ್ಪಂದವಾಗಿ ಆರಂಭವಾಗಿ, ವರ್ಷಗಳು ಉರುಳಿದಂತೆ 235 ಕೋಟಿಗೇರಿ, 2013ರ ನವೆಂಬರ್‌ನಲ್ಲಷ್ಟೇ ಕೈಸೇರಿತ್ತು.

ಕರ್ನಾಟಕದಲ್ಲಿಯೂ ಈ ಬದಲಾವಣೆಯ ಗುರುತುಗಳಿವೆ. ಬೆಂಗಳೂರಿನ ಎಚ್‌ಎಎಲ್ ಸಂಸ್ಥೆಯು ರಷ್ಯಾದೊಡನೆ ಸೇರಿ ಐದನೆಯ ತಲೆಮಾರಿನ ಯುದ್ಧವಿಮಾನವನ್ನು ರೂಪಿಸಲು 2010ರಲ್ಲಿ 29.5 ಕೋಟಿ ಡಾಲರಿನ ಪ್ರಾಥಮಿಕ ವಿನ್ಯಾಸದ ಒಪ್ಪಂದ ಮಾಡಿಕೊಂಡಿತ್ತು; ವಿಮಾನದ ಗುಣ ಮತ್ತು ವೆಚ್ಚ ಎರಡರ ಬಗ್ಗೆಯೂ ತೃಪ್ತಿಯಿಲ್ಲದ ಭಾರತ 2018ರಲ್ಲಿ ಅದರಿಂದ ಹೊರಬಂತು. ಎಚ್‌ಎಎಲ್ ರಷ್ಯಾದ ಜೊತೆಗೂಡಿ 200 ಕಾಮೊವ್-226ಟಿ ಹೆಲಿಕಾಪ್ಟರುಗಳನ್ನು ಪೂರೈಸುವ ಯೋಜನೆ ಬೆಲೆ ಮತ್ತು ದೇಶೀಯ ಭಾಗಗಳ ಪ್ರಮಾಣದ ಕುರಿತ ಮಾತುಕತೆಯಲ್ಲೇ ಸವೆಯಿತು. ಆ ಹೆಲಿಕಾಪ್ಟರಿನ ಎಂಜಿನ್ ಫ್ರಾನ್ಸಿನದಾಗಿದ್ದರಿಂದ ಯುದ್ಧ ಆರಂಭವಾದ ಮೇಲೆ ಯೋಜನೆ ಇನ್ನೂ ಕಷ್ಟವಾಯಿತು. 2023ರ ಫೆಬ್ರುವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ, ಅಲ್ಲಿ ಮೊದಲು ತಯಾರಾಗಬೇಕಾದದ್ದೆಂದು ಘೋಷಿತವಾದದ್ದು ಸಂಸ್ಥೆಯದೇ ವಿನ್ಯಾಸದ ಹಗುರ ಹೆಲಿಕಾಪ್ಟರ್. ಇದಕ್ಕಿಂತ ಸದ್ದಿಲ್ಲದ, ಆದರೆ ಹೆಚ್ಚು ಅರ್ಥವುಳ್ಳ ಒಪ್ಪಂದವೊಂದು ಯುದ್ಧಕ್ಕೆ ಮೂರು ವಾರ ಮೊದಲು ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಬಿಇಎಲ್ ಸಂಸ್ಥೆಯ ಪಾಲಿಗೆ ಬಂದಿತ್ತು: 957 ಟಿ-90 ಟ್ಯಾಂಕುಗಳಲ್ಲಿ ಟ್ಯಾಂಕ್ ನಾಯಕನು ಹೊರಗೆ ನೋಡುವ ದರ್ಶಕವನ್ನು ಕತ್ತಲಲ್ಲಿಯೂ ಶಾಖದ ಮೂಲಕ ಗುರಿ ಕಾಣುವ ಹೊಸ ದರ್ಶಕವಾಗಿ ಬದಲಿಸುವ 1,075 ಕೋಟಿ ರೂಪಾಯಿಗಳ ಕೆಲಸ. ಟ್ಯಾಂಕನ್ನು ಕೈಬಿಡದೆ ಅದರ ಮೂಲ ತಯಾರಕನ ಮೇಲಿನ ಅವಲಂಬನೆಯನ್ನು ಒಂದೊಂದೇ ಭಾಗವಾಗಿ ಬಿಡಿಸಿಕೊಳ್ಳುವ ಈ ಕ್ರಮವೇ ಭಾರತದ ಉತ್ತರವಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸುಖೋಯ್-30 ವಿಮಾನಗಳಿಗಾಗಿ 26,000 ಕೋಟಿ ರೂಪಾಯಿಗಳಿಗೆ 240 ಎಂಜಿನ್‌ಗಳನ್ನು ಒಡಿಶಾದ ಕೊರಾಪುಟ್‌ನ ಎಚ್‌ಎಎಲ್ ಘಟಕದಿಂದ ತಯಾರಿಸಿಕೊಳ್ಳಲು ಆದ ಒಪ್ಪಂದವನ್ನೂ ಇದೇ ದೃಷ್ಟಿಯಿಂದ ನೋಡಬೇಕು.

ರಷ್ಯಾ ಬಿಟ್ಟ ಜಾಗವನ್ನು ತುಂಬಿದವರು ಯಾರೆಂಬುದೂ ಸರಬರಾಜಿನ ಮಹತ್ವವನ್ನೇ ಹೇಳುತ್ತದೆ. ತನ್ನ ಸೋವಿಯತ್ ಕಾಲದ ಟ್ಯಾಂಕುಗಳನ್ನು ಉಕ್ರೇನಿಗೆ ಕೊಟ್ಟುಬಿಟ್ಟ ಪೋಲೆಂಡ್, 2022ರ ಜುಲೈನಲ್ಲಿ ಸುಮಾರು ಸಾವಿರ ಕೆ2 ಟ್ಯಾಂಕು, ನೂರಾರು ಕೆ9 ಫಿರಂಗಿ ಮತ್ತು 48 ಎಫ್‌ಎ-50 ವಿಮಾನಗಳಿಗಾಗಿ ದಕ್ಷಿಣ ಕೊರಿಯಾದೊಡನೆ ಚೌಕಟ್ಟಿನ ಒಪ್ಪಂದ ಮಾಡಿಕೊಂಡಿತು, ಮೊದಲ ಟ್ಯಾಂಕುಗಳು ಅದೇ ಡಿಸೆಂಬರ್‌ನಲ್ಲಿ ಗ್ಡಿನಿಯಾ ಬಂದರಿಗೆ ಬಂದಿಳಿದವು. ಕೆ2 ಯಾವ ಯುದ್ಧದಲ್ಲಿಯೂ ಗುಂಡು ಹಾರಿಸಿದ ಟ್ಯಾಂಕಲ್ಲ. ರಣರಂಗದ ಕೀರ್ತಿ ಒಂದಿಷ್ಟೂ ಇಲ್ಲದ ಆಯುಧಕ್ಕೆ ಯುರೋಪಿನ ಇಷ್ಟು ದೊಡ್ಡ ಬೇಡಿಕೆ ಸಿಕ್ಕಿದ್ದು ಐದು ತಿಂಗಳಲ್ಲಿ ತಂದುಕೊಡುವ ಶಕ್ತಿಯಿಂದ. ರಷ್ಯಾದ ಮಿತ್ರಕೂಟದಲ್ಲೇ ಇದ್ದ ಅರ್ಮೇನಿಯಾದ ಅನುಭವ ಇದರ ಇನ್ನೊಂದು ಮುಖ: ಹಣ ಕೊಟ್ಟರೂ ಆಯುಧ ಬಂದಿಲ್ಲವೆಂದು ಅದರ ಪ್ರಧಾನಿ ನಿಕೊಲ್ ಪಶಿನ್ಯಾನ್ ಬಹಿರಂಗವಾಗಿ ದೂರಿದರು, ದೇಶವು ಫ್ರಾನ್ಸ್ ಮತ್ತು ಭಾರತದತ್ತ ತಿರುಗಿ ಪಿನಾಕ ರಾಕೆಟ್ಟು, ಆಕಾಶ್ ಕ್ಷಿಪಣಿಗಳನ್ನು ಕೊಂಡಿತು. ಫಿಲಿಪ್ಪೀನ್ಸ್ 2022ರಲ್ಲಿ ನಿರ್ಬಂಧಗಳಿಗೆ ಅಂಜಿ ರಷ್ಯಾದ 16 ಎಂಐ-17 ಹೆಲಿಕಾಪ್ಟರುಗಳ ಒಪ್ಪಂದವನ್ನು ರದ್ದುಮಾಡಿತು. ಅದೇ ದೇಶ ಅದೇ ವರ್ಷದ ಜನವರಿಯಲ್ಲಿ ಭಾರತ ಮತ್ತು ರಷ್ಯಾ ಜಂಟಿಯಾಗಿ ರೂಪಿಸಿದ ಬ್ರಹ್ಮೋಸ್ ಕ್ಷಿಪಣಿಗೆ ಸುಮಾರು 37.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು, ಅದನ್ನು ಉಳಿಸಿಕೊಂಡು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತನ್ನು ಪಡೆಯಿತು. ರಷ್ಯಾದ ತಂತ್ರಜ್ಞಾನಕ್ಕೆ ಇಲ್ಲದ ಅಡ್ಡಿ ರಷ್ಯಾದ ವಿಳಾಸಕ್ಕಿತ್ತು. ಭಾರತದ ರಕ್ಷಣಾ ರಫ್ತು 2013–14ರ 686 ಕೋಟಿ ರೂಪಾಯಿಗಳಿಂದ 2024–25ರಲ್ಲಿ 23,622 ಕೋಟಿಗೆ ಏರಿದ್ದರಲ್ಲಿ ಇಂಥ ತೆರಪುಗಳ ಪಾಲೂ ಸ್ವಲ್ಪ ಇದೆ.

ರಣರಂಗದ ಹೆಸರು ಎಷ್ಟು ಬೇಗ ತಿರುಗಿಬೀಳುತ್ತದೆ ಎಂಬುದಕ್ಕೆ ಎಸ್-400ರ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 2023ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಕ್ರಿಮಿಯಾದಲ್ಲಿ ಇಂಥ ವ್ಯವಸ್ಥೆಗಳನ್ನು ಉಕ್ರೇನ್ ಡ್ರೋನ್ ಮತ್ತು ಕ್ಷಿಪಣಿಗಳಿಂದ ನಾಶಮಾಡಿತು. ವಿಮಾನಗಳನ್ನು ನೂರಾರು ಕಿ.ಮೀ. ದೂರದಲ್ಲಿ ತಡೆಯಬೇಕಾದ ಆಯುಧ ತನ್ನನ್ನೇ ಕಾಯ್ದುಕೊಳ್ಳಲಾರದೆಂಬ ತೀರ್ಪು ಆಗ ಬಂದಿತ್ತು. ಎರಡು ವರ್ಷಗಳೊಳಗೆ, 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಭಾರತ ಅದನ್ನು ಪಾಕಿಸ್ತಾನದ ವಿರುದ್ಧ ಬಳಸಿತು. ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಏರ್ ಚೀಫ್ ಮಾರ್ಷಲ್ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸ ನೀಡಿದ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್, ಐದು ಯುದ್ಧವಿಮಾನಗಳನ್ನೂ ಸುಮಾರು 300 ಕಿ.ಮೀ. ದೂರದಲ್ಲಿ ಒಂದು ದೊಡ್ಡ ವಿಮಾನವನ್ನೂ ಉರುಳಿಸಲಾಗಿದೆಯೆಂದು ಹೇಳಿ, ಆಟದ ಗತಿಯನ್ನು ಬದಲಿಸಿದ್ದು ಎಸ್-400 ಎಂದು ಹೊಗಳಿದರು. ಪಾಕಿಸ್ತಾನ ಆ ಹೇಳಿಕೆಯನ್ನು ನಿರಾಕರಿಸಿತು. ರಷ್ಯಾದ ರಫ್ತು ಸಂಸ್ಥೆ ತಾನೇ ಎಷ್ಟು ಜಾಹೀರಾತು ಕೊಟ್ಟರೂ ಬಾರದಿದ್ದ ಪ್ರಶಂಸಾಪತ್ರ ಹೀಗೆ ಇನ್ನೊಬ್ಬರ ಯುದ್ಧದಿಂದ ಬಂತು. ಅದೇ ಕದನದಲ್ಲಿ ಪಾಕಿಸ್ತಾನ ಬಳಸಿದ ಚೀನಾದ ಜೆ-10ಸಿ ವಿಮಾನವನ್ನು ತಯಾರಿಸುವ ಚೆಂಗ್ಡು ಕಂಪನಿಯ ಷೇರುಗಳು, ಆಕಾಶದಲ್ಲಿ ನಿಜವಾಗಿ ನಡೆದದ್ದೇನೆಂದು ಯಾರಿಗೂ ಖಚಿತವಾಗುವ ಮೊದಲೇ ಜಿಗಿದವು. ಸಿಪ್ರಿಯ ಪ್ರಕಾರ 2020–24ರಲ್ಲಿ ಪಾಕಿಸ್ತಾನದ ಶಸ್ತ್ರ ಆಮದಿನಲ್ಲಿ ಶೇ 81 ಚೀನಾದ್ದಾಗಿತ್ತು. ಷೇರು ಪೇಟೆಯ ಆ ಉತ್ಸಾಹ ಇನ್ನುಳಿದ ದೇಶಗಳ ಆರ್ಡರುಗಳಾಗಿ ಎಷ್ಟು ಬದಲಾಗುತ್ತದೆಂಬುದು ಚೀನಾದ ಬಿಡಿಭಾಗ ಮತ್ತು ದುರಸ್ತಿಯ ವ್ಯವಸ್ಥೆಯನ್ನು ಅವಲಂಬಿಸಿದೆ.

ಯುದ್ಧ ಮುಗಿದಾಗ ರಷ್ಯಾದ ಸ್ಥಿತಿ ಈಗಿನದಕ್ಕಿಂತ ಬೇರೆಯಾಗಿರುತ್ತದೆ. ಅದರ ಟ್ಯಾಂಕು, ಕ್ಷಿಪಣಿ, ಡ್ರೋನ್ ಕಾರ್ಖಾನೆಗಳು ಈಗ ಮೂರು ಪಾಳಿಯ ದುಡಿಮೆಗೆ ಹಿಗ್ಗಿವೆ, ಶಾಂತಿಕಾಲದಲ್ಲಿ ಅವುಗಳಿಗೆ ಕೆಲಸ ಕೊಡಲು ರಫ್ತು ಬೇಕೇ ಬೇಕು. 2015ರ ವಿಜಯ ದಿನದ ಮೆರವಣಿಗೆಯಲ್ಲಿ ಮೆರೆದ ಅರ್ಮಾಟ ಟ್ಯಾಂಕು ಬಹಳ ದುಬಾರಿ, ಸೇನೆಗೆ ಈಗ ಅಗ್ಗದ ಟ್ಯಾಂಕುಗಳೇ ಹೆಚ್ಚು ಪ್ರಯೋಜನವೆಂದು ರಷ್ಯಾದ ಸರ್ಕಾರಿ ರಕ್ಷಣಾ ಉದ್ಯಮವಾದ ರಾಸ್ಟೆಕ್ ನಿಗಮದ ಮುಖ್ಯಸ್ಥ ಸೆರ್ಗೈ ಚೆಮೆಜೊವ್ 2024ರಲ್ಲಿ ಒಪ್ಪಿಕೊಂಡಿರುವುದರಿಂದ, ಮಾರಾಟಕ್ಕೆ ಬರುವುದು ಹೊಸ ಮಾದರಿಗಳಿಗಿಂತ ಯುದ್ಧದಲ್ಲಿ ತಿದ್ದಿದ ಹಳೆಯವೇ ಆಗಿರುತ್ತವೆ. ಕೊಳ್ಳಲು ಪಶ್ಚಿಮದ ಬಾಗಿಲು ಮುಚ್ಚಿರುವ ದೇಶಗಳೂ ಅಗ್ಗದ ಬೆಲೆಗೆ ಕಣ್ಣಿಡುವ ಆಫ್ರಿಕಾದ ಸೇನೆಗಳೂ ಆಗ ಬರುವುದರಲ್ಲಿ ಅನುಮಾನವಿಲ್ಲ. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ರಷ್ಯಾದ ಸುಖೋಯ್-57 ಮತ್ತು ಅಮೆರಿಕದ ಎಫ್-35 ಒಂದೇ ಮೈದಾನದಲ್ಲಿ ನಿಂತಾಗ ಜನ ಎರಡನ್ನೂ ಹೋಲಿಸಿದರು. ಸಂಪೂರ್ಣ ತಂತ್ರಜ್ಞಾನ ವರ್ಗಾವಣೆಯ ಆಮಿಷವನ್ನು ರಷ್ಯಾ ಮುಂದಿಟ್ಟಿದ್ದು ಪ್ರದರ್ಶನದಿಂದ ಮಾತ್ರ ಈ ಗ್ರಾಹಕನನ್ನು ಒಲಿಸಲಾಗದೆಂದು ಅದಕ್ಕೂ ತಿಳಿದಿದ್ದರಿಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ವ್ಲಾದಿಮಿರ್ ಪುಟಿನ್ ದೆಹಲಿಗೆ ಬಂದಾಗ ದೊಡ್ಡ ಶಸ್ತ್ರ ಖರೀದಿಯ ಘೋಷಣೆ ಯಾವುದೂ ಆಗಲಿಲ್ಲ. ಎರಡೂ ದೇಶಗಳ ಜಂಟಿ ಹೇಳಿಕೆಯ ರಕ್ಷಣಾ ಭಾಗದಲ್ಲಿ ಸೇರಿದ್ದು, ರಷ್ಯಾ ಮೂಲದ ಆಯುಧಗಳ ನಿರ್ವಹಣೆಗೆ ಬೇಕಾದ ಬಿಡಿಭಾಗಗಳನ್ನು ತಂತ್ರಜ್ಞಾನ ವರ್ಗಾವಣೆಯ ಮೂಲಕ ಭಾರತದಲ್ಲಿಯೇ ಜಂಟಿಯಾಗಿ ತಯಾರಿಸಿ, ಮುಂದೆ ಅವನ್ನು ಇತರ ಮಿತ್ರ ದೇಶಗಳಿಗೂ ರಫ್ತು ಮಾಡುವ ಪ್ರಸ್ತಾವ.